ಜ್ವರಕ್ಕೆ ಮೊದಲು ಹೆಸರು, ಆಮೇಲೆ ಮಾತ್ರೆ

ಅರವತ್ತು ದಾಟಿದ ಒಬ್ಬ ಕೃಷಿಕರನ್ನು ಕಣ್ಣಮುಂದೆ ತಂದುಕೊಳ್ಳಿ. ಕರಾವಳಿಯವರು. ಹದಿನೈದು ವರ್ಷದಿಂದ ಶುಗರ್ ಇದೆ. ಬೀಡಿ ಬಿಟ್ಟು ಐದು ವರ್ಷವಾಗಿದೆ. ಗಂಟುನೋವಿಗೆ ಒಳ್ಳೆಯದು ಎಂದು ಯಾರೋ ಹೇಳಿದ ಸಣ್ಣ ಬಿಳಿ ಮಾತ್ರೆಯನ್ನು ವರ್ಷದಿಂದ ನುಂಗುತ್ತಿದ್ದಾರೆ. ಅದು ಸ್ಟೀರಾಯ್ಡ್ ಎಂಬುದು ಅವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಆಟಿ ತಿಂಗಳ ಮಳೆಯಲ್ಲಿ ಗದ್ದೆಗಿಳಿದು ಕೆಲಸ ಮಾಡಿದ ಎರಡು ವಾರಕ್ಕೆ ಸಂಜೆಯ ಹೊತ್ತು ಮೈ ಬೆಚ್ಚಗಾಗತೊಡಗಿತು. ಜೊತೆಗೆ ಸೊಂಟಕ್ಕಿಂತ ಸ್ವಲ್ಪ ಮೇಲೆ, ಬೆನ್ನಿನ ಆಳದಲ್ಲಿ ಒಂದು ನೋವು.

ಮಳೆಗೆ ನೆನೆದದ್ದು ಎಂದರು ಮನೆಯವರು. ಮೆಡಿಕಲ್ ಶಾಪಿನಿಂದ ಜ್ವರದ ಮಾತ್ರೆ ಬಂತು, ಜೊತೆಗೆ ಮೂರು ದಿನದ ಆ್ಯಂಟಿಬಯಾಟಿಕ್. ಜ್ವರ ಇಳಿಯಿತು, ನೋವು ಇಳಿಯಲಿಲ್ಲ. ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆ ಸವೆದಿದೆ ಎಂದಾಯಿತು. ಆ ವಯಸ್ಸಿನಲ್ಲಿ ಯಾರ ಬೆನ್ನುಮೂಳೆ ಸವೆದಿರುವುದಿಲ್ಲ? ಎಣ್ಣೆ ತಿಕ್ಕಿದರು, ಬೆಲ್ಟ್ ಕಟ್ಟಿದರು. ಮೂರನೆಯ ವಾರದ ಒಂದು ರಾತ್ರಿ ಬಚ್ಚಲಿಗೆ ಹೋದವರು ಬೆವೆತು ಕುಸಿದರು. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಂಡದ್ದು ಬೆನ್ನುಮೂಳೆಯ ತೊಂದರೆಯಲ್ಲ. ಅದರ ಮುಂದೆಯೇ ಹರಿಯುವ ಮಹಾಪಧಮನಿಯ ಗೋಡೆ ಸೋಂಕಿನಿಂದ ಒಂದು ಕಡೆ ಉಬ್ಬಿ ಬಿರಿದಿತ್ತು.

ಇವರು ಒಬ್ಬ ನಿಜವಾದ ರೋಗಿಯಲ್ಲ. ವೈದ್ಯಕೀಯ ಪತ್ರಿಕೆಗಳ ವರದಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬರ ಮೈಮೇಲೆ ಒಟ್ಟಾಗಿ ಹೊರಿಸಿದ್ದೇನೆ. ಆದರೆ ಈ ಕಥೆಯ ಒಂದೊಂದು ತಿರುವೂ ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ. ಮಹಾಪಧಮನಿಗೆ ಬ್ಯಾಕ್ಟೀರಿಯಾ ಸೋಂಕು ತಗಲುವುದು ಅಪರೂಪ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಮಹಾಪಧಮನಿಯ ನೂರು ಉಬ್ಬುಗಳಲ್ಲಿ ಒಂದೆರಡು ಮಾತ್ರ ಸೋಂಕಿನಿಂದಾದವು. ತೈವಾನ್, ಥಾಯ್ಲೆಂಡ್‌ನಂಥ ಕಡೆ ಪ್ರಮಾಣ ಹೆಚ್ಚು. ಅಪರೂಪವೆಂಬ ಕಾರಣಕ್ಕೆ ಇದನ್ನು ಬದಿಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಈ ರೋಗ ಹುಡುಕಿಕೊಂಡು ಬರುವುದು ರೋಗನಿರೋಧಕ ಶಕ್ತಿ ಕುಂದಿದವರನ್ನು, ಮತ್ತು ಅಂಥವರು ನಮ್ಮಲ್ಲಿ ಅಪರೂಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರೇ ಸುಮಾರು 10.1 ಕೋಟಿ.

ಮಹಾಪಧಮನಿ ಎಂದರೆ ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಡುವ ದೊಡ್ಡ ರಕ್ತನಾಳ. ಮೇಲಕ್ಕೇರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಗೆ ಆತುಕೊಂಡು ಎದೆಯನ್ನೂ ಹೊಟ್ಟೆಯನ್ನೂ ದಾಟಿ, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ಸುಮ್ಮನೆ ಕೂತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೃದಯದಿಂದ ಇದರೊಳಕ್ಕೆ ನುಗ್ಗುತ್ತದೆ, ದಿನಕ್ಕೆ ಒಂದು ಲಕ್ಷ ಬಡಿತ.

ಈ ನಾಳ ಬರೀ ಕೊಳವೆಯಲ್ಲ. ಪ್ರತಿ ಬಡಿತಕ್ಕೂ ಹಿಗ್ಗುತ್ತದೆ, ಹೃದಯ ವಿರಮಿಸುವ ಅರೆಗಳಿಗೆಯಲ್ಲಿ ಕುಗ್ಗಿ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಆ ಹಿಗ್ಗು-ಕುಗ್ಗಿಗೆ ಕಾರಣ ಗೋಡೆಯ ನಡುಪದರದಲ್ಲಿ ಸುತ್ತು ಸುತ್ತಾಗಿ ಹಾಸಿಕೊಂಡಿರುವ ಎಲಾಸ್ಟಿನ್ ಎಂಬ ಪ್ರೋಟೀನಿನ ನಾರು. ಎಲಾಸ್ಟಿನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಎಳವೆಯಲ್ಲಿ ದೇಹ ಅದನ್ನು ನೇಯ್ದಿಡುತ್ತದೆ. ಆಮೇಲೆ ಹೊಸದಾಗಿ ನೇಯುವುದು ತೀರಾ ಕಡಿಮೆ. ಎಪ್ಪತ್ತರ ಅಜ್ಜನ ಮಹಾಪಧಮನಿಯನ್ನು ಇವತ್ತಿಗೂ ಹಿಡಿದು ನಿಲ್ಲಿಸಿರುವುದು ಬಹುಪಾಲು ಅವರ ಬಾಲ್ಯದ ನಾರು. ಚರ್ಮ ಕೊಯ್ದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಎಲಾಸ್ಟಿನ್ ಕರಗಿದರೆ ಮೊದಲಿನಂತಾಗುವುದಿಲ್ಲ.

ಬ್ಯಾಕ್ಟೀರಿಯಾಗಳು ನಮ್ಮ ರಕ್ತಕ್ಕೆ ಆಗಾಗ ಬರುತ್ತಲೇ ಇರುತ್ತವೆ. ಹಲ್ಲು ಉಜ್ಜುವಾಗಲೂ ಒಂದಿಷ್ಟು ಒಳಸೇರಬಹುದು. ಆರೋಗ್ಯವಂತ ಮಹಾಪಧಮನಿಯಲ್ಲಿ ಅವಕ್ಕೆ ಕಾಲೂರಲು ಜಾಗ ಸಿಗುವುದಿಲ್ಲ. ಒಳಪದರ ಅಷ್ಟು ನುಣುಪು, ರಕ್ತದ ಹರಿವು ಅಷ್ಟು ರಭಸ. ಬಿಳಿ ರಕ್ತಕಣಗಳು ಉಳಿದದ್ದನ್ನು ಮುಗಿಸುತ್ತವೆ.

ವಯಸ್ಸು, ಶುಗರ್, ಬಿ.ಪಿ., ತಂಬಾಕು, ಕೊಬ್ಬು ಸೇರಿ ಒಳಪದರವನ್ನು ಒರಟು ಮಾಡಿದಾಗ ಕಥೆ ಬದಲಾಗುತ್ತದೆ. ಗೋಡೆಗೆ ಕೊಬ್ಬಿನ ಗಡ್ಡೆಗಳು ಅಂಟುತ್ತವೆ, ಕೆಲವು ಬಿರಿದು ಹುಣ್ಣಾಗುತ್ತವೆ. ರಕ್ತದಲ್ಲಿ ತೇಲುವ ಬ್ಯಾಕ್ಟೀರಿಯಾ ಆ ಹುಣ್ಣಿನಲ್ಲಿ ಕೂರುತ್ತದೆ. ಇದು ಇಂದು ಹೆಚ್ಚಾಗಿ ಕಾಣುವ ದಾರಿ. ಇನ್ನೊಂದು ದಾರಿ ಹೃದಯದ ಕವಾಟದ ಸೋಂಕಿನಿಂದ. ಅಲ್ಲಿಂದ ಚೂರಾಗಿ ಹೊರಟ ಕೀವಿನ ಕಣ, ಮಹಾಪಧಮನಿಯ ಗೋಡೆಗೇ ರಕ್ತ ಉಣಿಸುವ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟು ದೊಡ್ಡ ನದಿಯ ದಂಡೆಗೂ ತನ್ನದೇ ಸಣ್ಣ ಕಾಲುವೆಗಳು ಬೇಕು; ಒಳಗಿನ ರಕ್ತದಿಂದಲೇ ದಪ್ಪ ಗೋಡೆಯ ಹೊರಭಾಗದ ಹೊಟ್ಟೆ ತುಂಬುವುದಿಲ್ಲ. ಮೂರನೆಯದು ನೆರೆಮನೆಯ ಬೆಂಕಿ. ಬೆನ್ನುಮೂಳೆಯಲ್ಲೋ, ಎದೆಯೊಳಗಿನ ದುಗ್ಧರಸ ಗ್ರಂಥಿಯಲ್ಲೋ, ಸೊಂಟದ ಸ್ನಾಯುವಿನಲ್ಲೋ ಇದ್ದ ಸೋಂಕು ಪಕ್ಕದ ಗೋಡೆಗೆ ಹಬ್ಬುತ್ತದೆ. ಕ್ಷಯ ಮಹಾಪಧಮನಿಗೆ ತಲುಪುವುದು ಬಹುಮಟ್ಟಿಗೆ ಹೀಗೆ.

ಒಮ್ಮೆ ಒಳಹೊಕ್ಕ ಮೇಲೆ ಬ್ಯಾಕ್ಟೀರಿಯಾದ ಕಿಣ್ವಗಳೂ, ಅವನ್ನು ಕೊಲ್ಲಲು ಬಂದ ನಮ್ಮದೇ ಬಿಳಿ ಕಣಗಳು ಸುರಿಯುವ ಕಿಣ್ವಗಳೂ ಸೇರಿ ನಡುಪದರದ ನಾರನ್ನು ಕರಗಿಸುತ್ತವೆ. ಗೆದ್ದಲು ಹಿಡಿದ ತೊಲೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುವಂತೆ ಇಲ್ಲೂ ಕೆಲವು ದಿನ ಏನೂ ತೋರುವುದಿಲ್ಲ. ನಂತರ ಸೈಕಲ್ ಟ್ಯೂಬಿನ ತೆಳುವಾದ ಜಾಗ ಉಬ್ಬುವಂತೆ ಗೋಡೆಯ ಒಂದು ಬದಿ ಚೀಲವಾಗಿ ಹೊರಬರುತ್ತದೆ. ವಯಸ್ಸಿನಿಂದ ಬರುವ ಸಾಮಾನ್ಯ ಉಬ್ಬು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ, ಹಾಗಾಗಿ ವೈದ್ಯರು ಆರು ತಿಂಗಳಿಗೊಮ್ಮೆ ಅಳೆದು ನೋಡುತ್ತಾ ಕಾಯಬಲ್ಲರು. ಗಂಡಸರಲ್ಲಿ ಸಾಮಾನ್ಯವಾಗಿ 5.5 ಸೆಂಟಿಮೀಟರ್ ಮುಟ್ಟುವವರೆಗೆ ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ. ಸೋಂಕಿನ ಉಬ್ಬಿಗೆ ಈ ಸಮಾಧಾನ ಸಲ್ಲದು. ಅದು ದಿನಗಳಲ್ಲಿ, ವಾರಗಳಲ್ಲಿ ಬೆಳೆಯುತ್ತದೆ, ಸಣ್ಣದಿದ್ದಾಗಲೇ ಬಿರಿಯಬಲ್ಲದು.

ಇದಕ್ಕೆ ಇಂಗ್ಲಿಷಿನಲ್ಲಿ 'ಮೈಕೋಟಿಕ್ ಅನ್ಯೂರಿಸಂ' ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಮೈಕೋಟಿಕ್ ಎಂದರೆ ಶಿಲೀಂಧ್ರದಿಂದಾದದ್ದು ಎಂದು ವೈದ್ಯ ವಿದ್ಯಾರ್ಥಿಗಳೂ ತಪ್ಪು ತಿಳಿಯುವುದುಂಟು. ಹೆಸರು ಕೊಟ್ಟವರು ವಿಲಿಯಂ ಆಸ್ಲರ್, 1885ರಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಹೃದಯ ಕವಾಟದ ಸೋಂಕಿನ ಬಗ್ಗೆ ಮಾಡಿದ ಗಲ್‌ಸ್ಟೋನಿಯನ್ ಉಪನ್ಯಾಸಗಳಲ್ಲಿ. ಕವಾಟದ ಸೋಂಕಿನಿಂದ ಸತ್ತ ಯುವಕನೊಬ್ಬನ ಮಹಾಪಧಮನಿಯ ಕಮಾನಿನಲ್ಲಿ ಅವರು ಉಬ್ಬುಗಳನ್ನು ಕಂಡಿದ್ದರು. ಸೋಂಕಿನ ಬೆಳವಣಿಗೆ ಅಣಬೆಯಂತೆ ತೋರಿದ್ದರಿಂದ ಆ ಹೆಸರು. ಶಿಲೀಂಧ್ರ ಕಾರಣವಾಗುವುದು ಕಡಿಮೆ, ಬಹುಪಾಲು ಬ್ಯಾಕ್ಟೀರಿಯಾವೇ. ಪೆನಿಸಿಲಿನ್ ಬರುವ ಮೊದಲು ಸಿಫಿಲಿಸ್ ರೋಗ ಸೋಂಕು ತಗಲಿದ ಹತ್ತಾರು ವರ್ಷಗಳ ಬಳಿಕ ಮಹಾಪಧಮನಿಯ ಮೇಲ್ಭಾಗವನ್ನು ಹಾಳುಗೆಡಹುವುದು ಮಾಮೂಲಾಗಿತ್ತು. ಈಗ ಅದು ಅಪರೂಪವಾಗಿದೆ. ಅದರ ಜಾಗಕ್ಕೆ ಬೇರೆ ಜೀವಿಗಳು, ಬೇರೆ ರೋಗಿಗಳು ಬಂದಿದ್ದಾರೆ.

ಆಸ್ಲರ್ ಕಾಲದ ರೋಗಿ ಹೆಚ್ಚಾಗಿ ಕವಾಟ ಕೆಟ್ಟ ಯುವಕ. ಇಂದಿನ ರೋಗಿ ವಯಸ್ಸಾದವರು, ಮತ್ತು ಅವರ ದೇಹದ ಕಾವಲು ಯಾವುದೋ ಕಾರಣಕ್ಕೆ ಸಡಿಲಗೊಂಡಿರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ಕಣಗಳು ಸೋಂಕಿನ ಜಾಗಕ್ಕೆ ತಡವಾಗಿ ತಲುಪುತ್ತವೆ, ತಲುಪಿದರೂ ನುಂಗುವ ಕಸುವು ಕಡಿಮೆ. ಮೂತ್ರಪಿಂಡ ಸೋತವರಲ್ಲಿ ನಿರೋಧಕ ಶಕ್ತಿಯೂ ಸೊರಗುತ್ತದೆ. ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಹಾಕಿದ ಕೊಳವೆ ಚರ್ಮದ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಕ್ಕೆ ರಕ್ತದೊಳಗೆ ನೇರ ಬಾಗಿಲು. (ಕೊಳವೆಯ ಬದಲು ಕೈಯಲ್ಲಿ ರಕ್ತನಾಳ ಜೋಡಿಸುವ ಫಿಸ್ಟುಲಾ ಮಾಡಿಸಿಕೊಳ್ಳಿ ಎಂದು ಕಿಡ್ನಿ ವೈದ್ಯರು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ಆ ಮಾತನ್ನು ಮುಂದೂಡುವವರು ಬಹಳ ಮಂದಿ.) ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಎಚ್ಐವಿ ಇರುವವರು, ಕುಡಿತದಿಂದ ಯಕೃತ್ತು ಕೆಟ್ಟವರು, ಸಂಧಿವಾತಕ್ಕೆ ನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುವವರು, ಎಲ್ಲರೂ ಈ ಸಾಲಿನವರೇ.

ಸ್ಟೀರಾಯ್ಡ್ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಜೀವ ಉಳಿಸುವ ಔಷಧ. ಉಬ್ಬಸ, ಲೂಪಸ್, ಸಂಧಿವಾತ, ಕಸಿಯಾದ ಮೂತ್ರಪಿಂಡ, ಎಲ್ಲಕ್ಕೂ ಬೇಕು. ಆದರೆ ಅದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಸೋಂಕನ್ನು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ, ಸೋಂಕು ಬಂದಾಗ ಅದರ ಕುರುಹನ್ನೂ ಅಳಿಸುತ್ತದೆ. ಜ್ವರ ಏರುವುದಿಲ್ಲ, ನೋವು ಮೊಂಡಾಗುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇದಕ್ಕೆಂದೇ ಹುಟ್ಟಿದಂತಿದೆ. ನೂರು ಡಿಗ್ರಿಯ ಜ್ವರ ಗಟ್ಟಿಮುಟ್ಟಾದ ಹುಡುಗನಿಗೆ ಶೀತ. ದಿನವೂ ಸ್ಟೀರಾಯ್ಡ್ ನುಂಗುವ ಅರವತ್ತೈದರ ಹೆಂಗಸಿಗೆ ಅದೇ ನೂರು ಡಿಗ್ರಿ ಆಸ್ಪತ್ರೆಗೆ ಹೊರಡುವ ಕಾರಣ. ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ, ಒಳಗೇನಿದೆ ಎಂದು ಬರೆಯದ ಪುಡಿ ಇವುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಇದನ್ನು ಓದಿ ಗಾಬರಿಯಾಗಿ ಯಾರೂ ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಕುಸಿದು ಅಪಾಯವಾಗಬಹುದು. ಮಾತ್ರೆಯ ಪಟ್ಟಿಯನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಯಾವ ಬ್ಯಾಕ್ಟೀರಿಯಾ? ಲೋಕದ ಹೆಚ್ಚಿನ ಕಡೆ ಮುಂಚೂಣಿಯಲ್ಲಿರುವವು ಎರಡು: ಸ್ಟೆಫೈಲೋಕಾಕಸ್ ಆರಿಯಸ್ ಮತ್ತು ಸಾಲ್ಮೊನೆಲ್ಲಾ. ಸಾಲ್ಮೊನೆಲ್ಲಾ ಎಂದರೆ ನಮಗೆ ಟೈಫಾಯ್ಡ್ ನೆನಪಾಗುತ್ತದೆ. ಮಹಾಪಧಮನಿಯನ್ನು ಹೆಚ್ಚಾಗಿ ಹಿಡಿಯುವುದು ಆ ತಳಿಯಲ್ಲ, ಅರೆಬೆಂದ ಮೊಟ್ಟೆ, ಕೋಳಿ, ಕೆಟ್ಟ ನೀರಿನಿಂದ ಬಂದು ವಾಂತಿ-ಭೇದಿ ಮಾಡಿಸುವ ಅದರ ದಾಯಾದಿಗಳು. ಬಹುತೇಕರಲ್ಲಿ ನಾಲ್ಕು ದಿನ ಹೊಟ್ಟೆ ಕೆಟ್ಟು ಮುಗಿದುಹೋಗುತ್ತದೆ. ನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಕರುಳಿನ ಗೋಡೆ ದಾಟಿ ರಕ್ತಕ್ಕಿಳಿಯುತ್ತದೆ, ಮತ್ತು ಕೊಬ್ಬು ಕಟ್ಟಿದ ಮಹಾಪಧಮನಿಯ ಮೇಲೆ ಅದಕ್ಕೆ ವಿಶೇಷ ಒಲವು. ಐವತ್ತು ದಾಟಿದವರ ರಕ್ತದಲ್ಲಿ ಸಾಲ್ಮೊನೆಲ್ಲಾ ಸಿಕ್ಕಿ, ಜ್ವರ ಬಿಡದಿದ್ದರೆ ಅಥವಾ ಬೆನ್ನು, ಎದೆ, ಹೊಟ್ಟೆ ನೋವಿದ್ದರೆ ಮಹಾಪಧಮನಿಯನ್ನು ಸ್ಕ್ಯಾನ್ ಮಾಡಿ ನೋಡಬೇಕು ಎಂಬುದು ಸೋಂಕುತಜ್ಞರು ಒಪ್ಪಿದ ನಡೆ. ಎಚ್ಐವಿ ಇರುವವರಲ್ಲಿ ಈ ಸಾಲ್ಮೊನೆಲ್ಲಾ ಮತ್ತೆ ಮತ್ತೆ ರಕ್ತ ಸೇರಿದರೆ ಅದನ್ನು ಏಡ್ಸ್ ಹಂತದ ಲಕ್ಷಣವೆಂದೇ ಎಣಿಸುತ್ತಾರೆ.

ಮೂರನೆಯ ಹೆಸರು ನಮ್ಮ ಕರಾವಳಿಯ ಮಣ್ಣಿಗೆ ಸೇರಿದ್ದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೆಲಿಯಾಯ್ಡೋಸಿಸ್. ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, 1911ರಲ್ಲಿ, ರಂಗೂನಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಹೆಣಗಳ ಪರೀಕ್ಷೆ ಮಾಡುತ್ತಾ ಈ ಹೊಸ ರೋಗವನ್ನು ಗುರುತಿಸಿದರು. ವಿಟ್ಮೋರ್ ಹೆಸರು ರೋಗಕ್ಕೆ ಅಂಟಿತು, ಕೃಷ್ಣಸ್ವಾಮಿಯವರನ್ನು ನೆನೆಯುವವರು ಕಡಿಮೆ. ಬರ್ಕ್‌ಹೋಲ್ಡೇರಿಯಾ ಸೂಡೋಮ್ಯಾಲಿಯೈ ಎಂಬ ಇದರ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಬಿರುಕು, ಸಣ್ಣ ಗಾಯ, ಕೆಲವೊಮ್ಮೆ ಉಸಿರು, ನೀರು ಇದರ ದಾರಿ. ಮಳೆಗಾಲದಲ್ಲಿ ರೋಗಿಗಳು ಹೆಚ್ಚು. ಬಲಿಯಾಗುವವರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಉಡುಪಿ ಮತ್ತು ಸುತ್ತಲ ಜಿಲ್ಲೆಗಳ ರೋಗಿಗಳಲ್ಲಿ ಇದನ್ನು ಹುಡುಕಿ, ದಾಖಲಿಸಿ, ದೇಶದ ಗಮನಕ್ಕೆ ತಂದಿದ್ದಾರೆ.

ಇದು ಹೆಚ್ಚಾಗಿ ಶ್ವಾಸಕೋಶ, ಯಕೃತ್ತು, ಗುಲ್ಮ, ಕೀಲುಗಳಲ್ಲಿ ಕೀವು ಕಟ್ಟಿಸುತ್ತದೆ. ಮಹಾಪಧಮನಿಗೆ ತಗಲುವುದು ಅದರ ವಿರಳ ರೂಪ, ಥಾಯ್ಲೆಂಡ್ ಮತ್ತು ಆಸ್ಟ್ರೇಲಿಯಾದ ಉತ್ತರ ಭಾಗದ ವೈದ್ಯರು ಅದನ್ನು ಚೆನ್ನಾಗಿ ಬಲ್ಲರು. ನನ್ನ ಸಂಕಟ ಏನೆಂದರೆ, ಈ ಜೀವಿಯನ್ನು ತಪ್ಪು ಗುರುತಿಸುವುದು ಬಹಳ ಸುಲಭ. ಶ್ವಾಸಕೋಶದಲ್ಲಿ ಕಂಡರೆ ಕ್ಷಯವೆನ್ನಿಸುತ್ತದೆ, ರೋಗಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುತ್ತಾನೆ. ಪ್ರಯೋಗಶಾಲೆಯಲ್ಲಿ ಬೆಳೆದರೂ ಸೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದೋ, ಹೊರಗಿನಿಂದ ಬೆರೆತ ಕಸವೆಂದೋ ಬದಿಗಿಡುವುದುಂಟು. ನಮ್ಮ ಆಸ್ಪತ್ರೆಗಳಲ್ಲಿ ಜ್ವರಕ್ಕೆ ಮೊದಲು ಹಾಕುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲದು, ಜೆಂಟಾಮೈಸಿನ್‌ಗೆ ಸಾಮಾನ್ಯವಾಗಿ ಬಗ್ಗುವುದೇ ಇಲ್ಲ. ಬೇಕಾದದ್ದು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ಅದೂ ವಾರಗಟ್ಟಲೆ ರಕ್ತನಾಳದ ಮೂಲಕ, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮೊಕ್ಸಾಜೋಲ್ ಮಾತ್ರೆ. ಮಹಾಪಧಮನಿಗೆ ತಗಲಿದ್ದರೆ ಈ ಅವಧಿ ಇನ್ನೂ ಉದ್ದ. ಅಂದರೆ ಹೆಸರು ತಿಳಿಯದೆ ಕೊಟ್ಟ ಔಷಧ ಇಲ್ಲಿ ಬರೀ ವ್ಯರ್ಥವಲ್ಲ, ಹೆಸರು ತಿಳಿಯುವ ದಾರಿಯನ್ನೂ ಮುಚ್ಚುತ್ತದೆ.

ಈ ಅಂಕಣ ಬರೆಯಲು ಕೂತದ್ದೇ ಆ ಕೊನೆಯ ಮಾತಿಗಾಗಿ.

ಬ್ಲಡ್ ಕಲ್ಚರ್ ಎಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ. ಬೇರೆ ಬೇರೆ ಕೈಗಳಿಂದ, ಚರ್ಮವನ್ನು ಚೆನ್ನಾಗಿ ಶುಚಿ ಮಾಡಿ, ಪ್ರತಿ ಬಾಟಲಿಗೂ 10 ಮಿಲಿಲೀಟರ್‌ನಷ್ಟು, ಎಂದರೆ ಎರಡು ಟೀ ಚಮಚದಷ್ಟು ರಕ್ತ. ಬಾಟಲಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರವಿರುತ್ತದೆ. ಮೈಬಿಸಿಯಷ್ಟೇ ಬಿಸಿಯಲ್ಲಿ ಸುಮಾರು ಐದು ದಿನ ಇಟ್ಟು ನೋಡುತ್ತಾರೆ. ರಕ್ತದಲ್ಲಿರುವ ಜೀವಿಗಳ ಸಂಖ್ಯೆ ಬಹಳ ಕಡಿಮೆ, ಒಂದು ಮಿಲಿಲೀಟರಿಗೆ ಒಂದೂ ಇಲ್ಲದಿರಬಹುದು. ಅದಕ್ಕೇ ಅಷ್ಟು ರಕ್ತ, ಅದಕ್ಕೇ ಒಂದಕ್ಕಿಂತ ಹೆಚ್ಚು ಸಲ. ರಕ್ತ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್‌ನ ಎರಡು ಮಾತ್ರೆ ಹೊಟ್ಟೆ ಸೇರಿದ್ದರೆ ಬಾಟಲಿಯಲ್ಲಿ ಏನೂ ಬೆಳೆಯದಿರಬಹುದು. ಗೋಡೆಯೊಳಗಿನ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ, ಸುಮ್ಮನಾಗಿರುತ್ತದೆ ಅಷ್ಟೇ. ಮಾತ್ರೆ ಮುಗಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಔಷಧವೇ ಮುಟ್ಟದವರಲ್ಲೂ ಈ ರೋಗದಲ್ಲಿ ಕಲ್ಚರ್ ಬರಿದಾಗಿ ಬರುವುದುಂಟು; ಆ ಕಷ್ಟದ ಮೇಲೆ ನಾವೇ ಇನ್ನೊಂದು ಕಷ್ಟ ಹೇರಬಾರದು.

ತೀರಾ ಅಸ್ವಸ್ಥರಾದವರಿಗೆ, ಬಿ.ಪಿ. ಕುಸಿದವರಿಗೆ ಔಷಧ ಕಾಯುವಂತಿಲ್ಲ. ಅಲ್ಲೂ ರಕ್ತ ತೆಗೆದಿಡಲು ಹಿಡಿಯುವುದು ಐದು ನಿಮಿಷ. ಉಳಿದವರಲ್ಲಂತೂ ಅವಸರಕ್ಕೆ ಕಾರಣವೇ ಇಲ್ಲ. ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ, ಮಾರಿದ್ದರ ದಾಖಲೆ ಇಡುವಂತೆ 2014ರಿಂದ ಶೆಡ್ಯೂಲ್ ಎಚ್-1 ಎಂಬ ನಿಯಮ ಜಾರಿಯಲ್ಲಿದೆ. ನಿಯಮ ಇದೆ, ಆದರೂ 'ಆ ಡಾಕ್ಟರು ಹೋದ ಸಲ ಬರೆದುಕೊಟ್ಟದ್ದೇ ಕೊಡಿ' ಎಂದು ಕೇಳುವವರು ನಾವೇ.

ರೋಗಿ ಹೇಳುವ ಲಕ್ಷಣಗಳಿಂದ ಇದನ್ನು ಹಿಡಿಯುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಜ್ವರ, ಬೆನ್ನು ಅಥವಾ ಹೊಟ್ಟೆ ನೋವು, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ, ಈ ಮೂರೂ ಒಟ್ಟಿಗಿರುವುದು ಕೆಲವರಲ್ಲಿ ಮಾತ್ರ. ಹೊಟ್ಟೆಯ ಭಾಗದ ನೋವು ಕಿಡ್ನಿ ಕಲ್ಲಿನಂತೆ, ಡಿಸ್ಕ್ ನೋವಿನಂತೆ ತೋರುತ್ತದೆ. ಎದೆಯ ಭಾಗದ್ದಾದರೆ ಹೆಗಲುಮೂಳೆಗಳ ನಡುವೆ ನೋವು. ಕಮಾನಿನ ಉಬ್ಬು ನರವನ್ನು ಒತ್ತಿದರೆ ದನಿ ಒಡೆಯುತ್ತದೆ. ಉಬ್ಬು ಕರುಳಿಗೆ ಅಂಟಿ ತೂತಾದರೆ ರಕ್ತವಾಂತಿ ಅಥವಾ ಕಪ್ಪು ಮಲ. ಮೊದಲ ಸಲ ಸ್ವಲ್ಪವೇ ರಕ್ತ ಬಂದು ತಾನಾಗಿ ನಿಲ್ಲುತ್ತದೆ, ಗಂಟೆಗಳ ಅಥವಾ ದಿನಗಳ ನಂತರ ಬರುವುದು ದೊಡ್ಡದು. ಆ ಸಣ್ಣ ರಕ್ತಸ್ರಾವವನ್ನು ಅಸಿಡಿಟಿ ಎಂದುಕೊಂಡು ಮನೆಯಲ್ಲೇ ಉಳಿದವರ ಕಥೆಗಳು ವೈದ್ಯರನ್ನು ಬಹುಕಾಲ ಕಾಡುತ್ತವೆ.

ಬೆನ್ನುನೋವು ಬಂದವರೆಲ್ಲ ಮಹಾಪಧಮನಿಯ ಚಿಂತೆ ಹಚ್ಚಿಕೊಳ್ಳಬೇಕಿಲ್ಲ. ಬಹುಪಾಲು ಬೆನ್ನುನೋವು ಸ್ನಾಯುವಿನದು, ಬಗ್ಗಿದಾಗ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ಮಲಗಿದರೂ ಬಿಡದ, ರಾತ್ರಿ ಎಬ್ಬಿಸುವ, ಜ್ವರದ ಜೊತೆಗಾರನಾಗಿ ಬಂದ ಹೊಸ ನೋವು ಬೇರೆ ಜಾತಿಯದು. ಮೇಲೆ ಹೇಳಿದ, ನಿರೋಧಕ ಶಕ್ತಿ ಕುಂದಿದವರ ಸಾಲಿನಲ್ಲಿ ನಿಂತವರಿಗೆ ಅಂಥ ನೋವು ಬಂದರೆ ಪರೀಕ್ಷೆ ತಡಮಾಡಬಾರದು. ಅಲ್ಟ್ರಾಸೌಂಡ್ ಹೊಟ್ಟೆಯ ಉಬ್ಬಿನ ಅಗಲ ತೋರಿಸೀತು, ಎದೆಯೊಳಗಿನದನ್ನು ಹೊಟ್ಟೆಯ ಅಲ್ಟ್ರಾಸೌಂಡ್ ಕಾಣದು, ಸೋಂಕು ಇದೆಯೇ ಎಂದು ಖಚಿತವಾಗಿ ಹೇಳದು. ಬೇಕಾದದ್ದು ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು ಮಾಡುವ ಸಿ.ಟಿ. ಆ್ಯಂಜಿಯೊ. ಗೋಡೆಯ ಸುತ್ತ ಮಸುಕಾದ ಊತ, ಒಂದೇ ಬದಿಗೆ ಚೀಲದಂತೆ ಉಬ್ಬು, ಕೆಲವೊಮ್ಮೆ ಗೋಡೆಯಲ್ಲಿ ಗಾಳಿಯ ಗುಳ್ಳೆ ಅದರಲ್ಲಿ ಕಾಣುತ್ತವೆ. ಕ್ರಿಯಾಟಿನಿನ್ ಏರಿದವರಲ್ಲಿ ಆ ದ್ರವ ಮೂತ್ರಪಿಂಡಕ್ಕೆ ಹೊರೆಯೇನೋ ಹೌದು. ಆದರೆ ಬಿರಿಯಲಿರುವ ಮಹಾಪಧಮನಿಯನ್ನು ನೋಡದೆ ಬಿಡುವುದಕ್ಕಿಂತ ಆ ಹೊರೆ ಹಗುರ ಎಂದೇ ನನ್ನ ಎಣಿಕೆ. ಮೊದಲ ಸ್ಕ್ಯಾನಿನಲ್ಲಿ ಗೋಡೆ ಕೊಂಚ ದಪ್ಪ ಕಂಡು ಅನುಮಾನ ಉಳಿದರೆ, ಕೆಲವೇ ದಿನಗಳಲ್ಲಿ ಮತ್ತೊಮ್ಮೆ ಮಾಡಬೇಕು. ಪೆಟ್ ಸ್ಕ್ಯಾನ್ ಇರುವ ಕಡೆ ಅದೂ ನೆರವಾಗುತ್ತದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಔಷಧವೊಂದರಿಂದಲೇ ಪಾರಾದವರು ಕಡಿಮೆ. ಕರಗಿದ ಗೋಡೆಯನ್ನು ಕತ್ತರಿಸಿ ತೆಗೆದು, ಸುತ್ತಲಿನ ಕೀವನ್ನು ಶುಚಿ ಮಾಡಿ, ರಕ್ತಕ್ಕೆ ಹೊಸ ದಾರಿ ಕೊಡಬೇಕು. ಹೊಸ ದಾರಿ ಯಾವುದರಿಂದ ಎಂಬುದೇ ಶಸ್ತ್ರಚಿಕಿತ್ಸಕರ ದೊಡ್ಡ ತಲೆನೋವು. 1950ರ ದಶಕದ ಆರಂಭದಲ್ಲಿ ಅಮೆರಿಕದ ಹೂಸ್ಟನ್ನಿನಲ್ಲಿ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದು ರಕ್ತನಾಳದ ಬದಲಿ ಮಾಡಿದರು. ಆ ಬಟ್ಟೆಯ ನಾಳ ಅಂದಿನಿಂದ ಅಸಂಖ್ಯ ಜೀವ ಉಳಿಸಿದೆ. ಸೋಂಕಿರುವ ಜಾಗದಲ್ಲಿ ಮಾತ್ರ ಅದೇ ಬಟ್ಟೆ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಬಟ್ಟೆಯ ಎಳೆಗಳ ಮೇಲೆ ಅವು ಲೋಳೆಯ ಪರೆ ಹೊದ್ದು ಕೂತರೆ ಔಷಧ ಒಳಗೆ ತಲುಪದು. ಆದ್ದರಿಂದ ರಿಫಾಂಪಿಸಿನ್‌ನಲ್ಲಿ ನೆನೆಸಿದ ಬಟ್ಟೆ, ದಾನಿಗಳ ದೇಹದಿಂದ ಪಡೆದು ಹೆಪ್ಪುಗಟ್ಟಿಸಿಟ್ಟ ನಾಳ, ದನದ ಹೃದಯದ ಹೊರಪೊರೆಯಿಂದ ಹೊಲಿದ ಕೊಳವೆ, ಹೀಗೆ ಹಲವು ಪ್ರಯತ್ನ. ಇನ್ನೂ ಕೆಲವರಲ್ಲಿ ಕೆಟ್ಟ ಜಾಗವನ್ನೇ ಬಿಟ್ಟು, ಕಂಕುಳಿನ ರಕ್ತನಾಳದಿಂದ ಚರ್ಮದಡಿ ತೊಡೆಗಳವರೆಗೆ ಬಳಸುದಾರಿ ಹಾಕುತ್ತಾರೆ.

ಇವೆಲ್ಲ ದೊಡ್ಡ ಶಸ್ತ್ರಚಿಕಿತ್ಸೆಗಳು, ರೋಗಿಗಳೋ ಮೊದಲೇ ಬಸವಳಿದವರು. ತೊಡೆಯ ನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟನ್ನು ಒಳಸೇರಿಸಿ ಉಬ್ಬನ್ನು ಒಳಗಿನಿಂದ ಮುಚ್ಚುವ ವಿಧಾನವನ್ನು 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಹೊಟ್ಟೆಯ ಮಹಾಪಧಮನಿಗೆ ಮಾಡಿ ತೋರಿಸಿದ್ದರು. ಸೋಂಕಿನ ಜಾಗದಲ್ಲಿ ಕೀವನ್ನು ತೆಗೆಯದೆ ಬಟ್ಟೆ ಇಡುವುದೇ ಎಂದು ವೈದ್ಯರು ಬಹುಕಾಲ ಹಿಂಜರಿದರು. ಸ್ವೀಡನ್ನಿನವರು ತಮ್ಮ ಇಡೀ ದೇಶದ ಇಂಥ ರೋಗಿಗಳ ದಾಖಲೆ ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಆ ಅಳುಕನ್ನು ತಗ್ಗಿಸಿತು: ಹೊಟ್ಟೆಯ ಸೋಂಕಿನ ಉಬ್ಬುಗಳಲ್ಲಿ ಮೊದಲ ತಿಂಗಳುಗಳಲ್ಲಿ ಬದುಕುಳಿದವರು ಸ್ಟೆಂಟ್ ಹಾಕಿಸಿಕೊಂಡವರಲ್ಲೇ ಹೆಚ್ಚು, ಮುಂದಿನ ವರ್ಷಗಳಲ್ಲೂ ಅವರು ಹಿಂದೆ ಬೀಳಲಿಲ್ಲ. ಯಾವ ದಾರಿ ಹಿಡಿದರೂ ಕನಿಷ್ಠ ಆರು ವಾರ ರಕ್ತನಾಳದ ಮೂಲಕ ಔಷಧ, ನಂತರ ತಿಂಗಳುಗಟ್ಟಲೆ ಮಾತ್ರೆ, ಕೆಲವರಿಗೆ ಜೀವನಪೂರ್ತಿ. ಯಾವ ಔಷಧ ಎಂಬುದನ್ನು ಹೇಳುವುದು ಮತ್ತೆ ಆ ಕಲ್ಚರ್ ಬಾಟಲಿಯೇ. ಬಾಟಲಿ ಬರಿದಾದರೆ ವೈದ್ಯರು ಕತ್ತಲಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಎಸೆಯಬೇಕಾಗುತ್ತದೆ. ಸೋತ ಮೂತ್ರಪಿಂಡ ಅವನ್ನೆಲ್ಲ ತಾಳಿಕೊಳ್ಳಬೇಕಾಗುತ್ತದೆ.

ಗದ್ದೆಗಿಳಿಯುವ ಶುಗರ್ ರೋಗಿಗೆ ಗಂಬೂಟು, ಗಾಯದ ಮೇಲೆ ಪಟ್ಟಿ, ಪೂರ್ತಿ ಬೆಂದ ಮೊಟ್ಟೆ, ತಂಬಾಕು ಬಿಡುವುದು, ಸಕ್ಕರೆ ಹತೋಟಿಯಲ್ಲಿಡುವುದು. ಇವು ನಮಗೆ ಗೊತ್ತಿರುವ ಸಂಗತಿಗಳೇ, ನೂರು ಬಾರಿ ಕೇಳಿದ್ದೇವೆ. ಕೇಳದೆ ಉಳಿದಿರುವುದು ಜ್ವರ ಬಂದ ಮೊದಲ ವಾರದಲ್ಲಿ ಏನು ಹೇಳಬೇಕೆಂಬುದು. ಊರಿನ ಕ್ಲಿನಿಕ್ಕಿನಲ್ಲಿ ನಲವತ್ತು ಜನ ಸಾಲಿನಲ್ಲಿರುವಾಗ ವೈದ್ಯರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಜ್ವರ, ಬೆನ್ನುನೋವು ಎಂದಷ್ಟೇ ಹೇಳಿದರೆ ಅವರಿಗೂ ಮಳೆಗಾಲದ ಜ್ವರವೇ ಕಾಣುತ್ತದೆ. ಜೊತೆಗೆ ಹೋದ ಮಗನೋ ಮಗಳೋ ಇಷ್ಟು ಹೇಳಿದರೆ ಸಾಕು: "ಡಾಕ್ಟ್ರೇ, ಅಪ್ಪನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಗಂಟುನೋವಿಗೆ ಈ ಮಾತ್ರೆ ತಗೊಳ್ತಿದ್ರು, ಪಟ್ಟಿ ತಂದಿದೀನಿ. ಐದು ದಿನದಿಂದ ಸಂಜೆ ಜ್ವರ, ಬೆನ್ನುನೋವು ರಾತ್ರಿ ಮಲಗೋಕೂ ಬಿಡ್ತಿಲ್ಲ. ಆ್ಯಂಟಿಬಯಾಟಿಕ್ ಇನ್ನೂ ಕೊಟ್ಟಿಲ್ಲ. ಶುರು ಮಾಡೋಕೆ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೀಬಹುದಾ? ಇಲ್ಲಿ ಆಗಲ್ಲ ಅಂದ್ರೆ ಎಲ್ಲಿಗೆ ಕರ್ಕೊಂಡು ಹೋಗಲಿ?"